ಮೋಟರ್ ಶೆಡ್ಡಿನಿಂದ ನಡುಮನೆಗೆ

ಮೊದಲು ವಾಸನೆಯ ವಿಷಯ ಹೇಳಿಬಿಡುತ್ತೇನೆ. ಆ ಮನೆಯಲ್ಲಿ ಎಲ್ಲರೂ ಅದರ ಸುತ್ತಮುತ್ತ ಮಾತಾಡುತ್ತಿದ್ದರೇ ಹೊರತು ಅದನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ತೋಟದಲ್ಲಿ ಗಾಳಿ ಚೆನ್ನಾಗಿದೆ ಎಂದರು. ಅಲ್ಲಿ ತಂಪು, ಗಲಾಟೆ ಇಲ್ಲ ಎಂದರು. ನಿಜವಾದ ಕಾರಣ ಒಂದೇ. ಬ್ರಹ್ಮಸಮುದ್ರದ ಕಡೆಯ ಆ ಊರಿನ ಹೊರಗೆ, ಬೋರ್‌ವೆಲ್ ಪಕ್ಕದ ಮೋಟರ್ ಶೆಡ್ಡಿನಲ್ಲಿ ಮಲಗಿಸಿದ್ದ ಆ ಹೆಂಗಸಿನ ಎದೆಯ ಗಾಯ ಕೊಳೆತು ನಾರುತ್ತಿತ್ತು.

ನಾನು ಕರ್ನಾಟಕದ ಗಡಿಗೆ ಅಂಟಿಕೊಂಡಿರುವ ಆಂಧ್ರದ ಹಿಂದೂಪುರದ ಒಂದು ಆಸ್ಪತ್ರೆಯಲ್ಲಿ ನರ್ಸು. ವಾಸಿಯಾಗದ ಕಾಯಿಲೆಯವರ ನೋವು ಇಳಿಸುವ, ಗಾಯ ನೋಡಿಕೊಳ್ಳುವ ವಿಭಾಗ ನಮ್ಮದು. ವಾರಕ್ಕೊಮ್ಮೆ ಡಾಕ್ಟರು, ನಾನು ಮತ್ತು ಡ್ರೈವರು ಕಲ್ಯಾಣದುರ್ಗಕ್ಕೆ ಹೋಗಿ ಅಲ್ಲಿ ನಮಗೆ ಬಿಟ್ಟುಕೊಟ್ಟಿರುವ ಒಂದು ಕೋಣೆಯಲ್ಲಿ ರೋಗಿಗಳನ್ನು ನೋಡುತ್ತೇವೆ. ಬರಲಾಗದವರ ಮನೆಗೆ ಮಧ್ಯಾಹ್ನದ ಮೇಲೆ ನಾವೇ ಹೋಗುತ್ತೇವೆ. ಹಾಗೆ ಕೂತಿದ್ದ ಒಂದು ದಿನ ಕಾಲೇಜಿನ ಬ್ಯಾಗು ನೇತುಹಾಕಿಕೊಂಡ ಹುಡುಗಿಯೊಬ್ಬಳು ಬಂದು ಬಾಗಿಲಲ್ಲೇ ನಿಂತಳು.

"ನಮ್ ದೊಡ್ಡಮ್ಮನ್ನ ನೋಡಕ್ಕೆ ಬತ್ತೀರಾ ಮೇಡಂ? ಬಸ್ಸಾಗೆ ಕರ್ಕೊಂಡ್ ಬರಕ್ಕಾಗಲ್ಲ. ಪಕ್ಕದಾಗೆ ಯಾರೂ ಕೂರಲ್ಲ."

ದೊಡ್ಡಮ್ಮನನ್ನು ಊರಲ್ಲಿ ಎಲ್ಲರೂ ಕರೆಯುತ್ತಿದ್ದುದು ಆಟೊ ಅಕ್ಕ ಎಂದು. ಚಿಕ್ಕ ವಯಸ್ಸಿಗೇ ಗಂಡ ತೀರಿಕೊಂಡ ಮೇಲೆ ತಂಗಿಯ ಮನೆ ಸೇರಿ, ಗಂಡಸರೆಲ್ಲ ನಗುತ್ತಿರುವಾಗಲೇ ಆಟೊ ಓಡಿಸುವುದನ್ನು ಕಲಿತು, ಕಲ್ಯಾಣದುರ್ಗಕ್ಕೂ ಊರಿಗೂ ಜನ ಹೊತ್ತವಳು. ಮಕ್ಕಳಿಲ್ಲ. ತಂಗಿಯ ಮಗಳನ್ನೇ ಮಗಳೆಂದು ಸಾಕಿದ್ದಳು. ಎದೆಯ ಗಂಟಿಗೆ ಬೆಂಗಳೂರಿನಲ್ಲಿ ಆಪರೇಷನ್ ಮಾಡಿ, ಕೀಮೊ ಕೊಟ್ಟಿದ್ದರು. ಅದು ಅದೇ ಜಾಗದಲ್ಲಿ ಮತ್ತೆ ಎದ್ದು, ಚರ್ಮ ಒಡೆದು, ಮೂಳೆಗೂ ಇಳಿದಿತ್ತು. ಇನ್ನು ಮಾಡುವುದಕ್ಕೇನೂ ಇಲ್ಲವೆಂದು ಅಲ್ಲಿನ ಡಾಕ್ಟರು ಹೇಳಿದ್ದು ತಂಗಿಯ ಗಂಡನಿಗೆ. ಅವನು ಅದನ್ನು ಅಕ್ಕನಿಗೆ ಹೇಳಿರಲಿಲ್ಲ.

ಶೆಡ್ಡಿನ ತಗಡಿನ ಬಾಗಿಲು ತೆರೆದಾಗ ಊದುಬತ್ತಿಯ ಹೊಗೆಯೂ ಆ ವಾಸನೆಯೂ ಒಟ್ಟಿಗೆ ಮುಖಕ್ಕೆ ಹೊಡೆದವು. ಸ್ಟಾರ್ಟರ್ ಡಬ್ಬದ ಕೆಳಗೆ ನವಾರಿನ ಮಂಚ. ಮಂಚದಲ್ಲಿ ಒಂದು ಮಗ್ಗುಲಿಗೆ ಒರಗಿದ್ದ ಹೆಂಗಸು, ಎಡಗೈ ಭುಜದಿಂದ ಬೆರಳಿನವರೆಗೂ ಊದಿಕೊಂಡು ದಿಂಬಿನ ಮೇಲಿತ್ತು.

"ಮೂಗು ಮುಚ್ಕೊಂಡೇ ಮಾತಾಡು ನರ್ಸಮ್ಮ. ನಂಗೇನೂ ಬೇಜಾರಿಲ್ಲ," ಅಂದಳು.

ಗಾಯ ತೊಳೆಯುವಾಗ ಮಾಸ್ಕು ಬೇಕು, ಮಾತಾಡುವಾಗ ಬೇಕಿಲ್ಲ. ಮಾಸ್ಕು ಕೆಳಗಿಳಿಸಿ ಮಂಚದ ಅಂಚಿನಲ್ಲಿ ಕೂತೆ. ಡಾಕ್ಟರು ನೋವೆಲ್ಲಿ, ಹೇಗೆ, ನಿದ್ದೆ ಬರುತ್ತದೆಯೇ ಎಂದು ಕೇಳಿದರು. ನಿದ್ದೆ ಎಂಬ ಮಾತಿಗೆ ಅವಳು ನಕ್ಕಳು. ಮೊದಲು ಮಾರ್ಫಿನ್ ಮಾತ್ರೆ ನುಂಗಿಸಿ, ಅದು ಕೆಲಸಕ್ಕೆ ಹತ್ತುವವರೆಗೂ ಹೊರಗೆ ಹೊಂಗೆ ಮರದ ಕೆಳಗೆ ಕಾದೆವು. ನೋವು ತಗ್ಗದೆ ಇಂಥ ಗಾಯವನ್ನು ಮುಟ್ಟಬಾರದು. ಆಮೇಲೆ ಒಣಗಿ ಅಂಟಿದ್ದ ಬಟ್ಟೆಯ ಮೇಲೆ ಉಪ್ಪು ಹಾಕಿ ಕುದಿಸಿ ಆರಿಸಿದ ನೀರು ಸುರಿಯುತ್ತಾ, ನೆನೆಯಲು ಬಿಟ್ಟು, ನಿಧಾನಕ್ಕೆ ಬಿಡಿಸಿದೆ. ಒಳಗೆ ಹುಳ ಆಗಿದ್ದವು.

ಟರ್ಪೆಂಟೈನ್ ಎಣ್ಣೆಯಲ್ಲಿ ಅದ್ದಿದ ಗಾಜ್ ಬಟ್ಟೆಯನ್ನು ಗಾಯದ ಅಂಚಿಗಿಟ್ಟರೆ ಅದರ ಘಾಟಿಗೆ ಹುಳ ಮೇಲಕ್ಕೆ ಬರುತ್ತವೆ. ಬಂದ ಹಾಗೆ ಚಿಮಟದಲ್ಲಿ ಹಿಡಿದು ತೆಗೆಯಬೇಕು. ಅವಸರ ಮಾಡಿದರೆ ಅರ್ಧ ಒಳಗೇ ಉಳಿಯುತ್ತವೆ. ತಂಗಿ ಬಾಗಿಲ ಹೊರಗೆ ನಿಂತು ಸೆರಗು ಬಾಯಿಗೊತ್ತಿಕೊಂಡು ಅಳುತ್ತಿದ್ದಳು. ಅಕ್ಕ ತಗಡಿನ ಸೂರು ನೋಡುತ್ತಾ ಮಲಗಿದ್ದವಳು ಒಮ್ಮೆ ತಲೆಯೆತ್ತಿ ನೋಡಿದಳು.

"ನಾನಿನ್ನೂ ಸತ್ತಿಲ್ಲ ಅಂತ ಅವಕ್ಕೆ ಹೇಳು ನರ್ಸಮ್ಮ. ಬಲೇ ಅವಸರದಾಗೆ ಬಂದ್ಬುಟ್ಟಾವೆ."

ಮುಂದಿನ ವಾರ ಹೋದಾಗ ಅವಳು ಎದ್ದು ಕೂತಿದ್ದಳು. ಮಾರ್ಫಿನ್ನಿಂದ ರಾತ್ರಿಯ ನಿದ್ದೆ ಸಿಕ್ಕಿತ್ತು. ಹುಳ ಇರಲಿಲ್ಲ, ವಾಸನೆ ಮಾತ್ರ ಇತ್ತು. ಅದಕ್ಕೆ ದಿನವೂ ಎರಡು ಹೊತ್ತು ಗಾಯ ತೊಳೆಯಬೇಕು. ಊರಾಚೆಯ ಶೆಡ್ಡಿಗೆ ಹೋಗಿ ಅದನ್ನು ಮಾಡುವವರು ಯಾರೂ ಇರಲಿಲ್ಲ. ಹುಡುಗಿಯನ್ನು ಅವರಪ್ಪ ಅಲ್ಲಿಗೆ ಬಿಡುತ್ತಿರಲಿಲ್ಲ.

ಅಷ್ಟರಲ್ಲಿ ಹುಡುಗಿಗೆ ಕಲ್ಯಾಣದುರ್ಗದ ಕಡೆಯಿಂದ ಸಂಬಂಧ ಕೂಡಿಬಂತು. ಅಪ್ಪ ನಮ್ಮ ಡಾಕ್ಟರಿಗೆ ಫೋನ್ ಮಾಡಿ, ಅಕ್ಕನನ್ನು ಹಿಂದೂಪುರದಲ್ಲಿ ಅಡ್ಮಿಟ್ ಮಾಡಿಕೊಳ್ಳಿ ಎಂದು ಕೇಳಿಕೊಂಡ. ನಿಶ್ಚಿತಾರ್ಥ ಮುಗಿಯುವವರೆಗೆ ಎಂಬ ಮಾತನ್ನೂ ಸೇರಿಸಿದ. ಡಾಕ್ಟರು ಒಪ್ಪಿದರು. ಅವರ ಲೆಕ್ಕ ತಪ್ಪಲ್ಲ. ಹಾಸಿಗೆ ಖಾಲಿ ಇತ್ತು, ವಾರ್ಡಿನಲ್ಲಿ ಗಾಯ ಬೇಗ ಹದಕ್ಕೆ ಬರುತ್ತದೆ. ಕರೆದುಕೊಂಡು ಬರುವ ಕೆಲಸ ನನ್ನ ಪಾಲಿಗೆ ಬಂತು. ಡಾಕ್ಟರು ಕಲ್ಯಾಣದುರ್ಗದಲ್ಲಿ ಉಳಿದರು, ಕಾರು ನನ್ನನ್ನು ಆ ಊರಿಗೆ ಕರೆದೊಯ್ಯಿತು.

ಅಕ್ಕ ಹೊಸ ಸೀರೆ ಉಟ್ಟು, ತಲೆ ಬಾಚಿಕೊಂಡು ತಯಾರಾಗಿದ್ದಳು. ಕಾರಿನ ಹಿಂದಿನ ಸೀಟಿನಲ್ಲಿ ದಿಂಬು ಜೋಡಿಸಿ ಕೂರಿಸಿದೆ. ಪಕ್ಕದಲ್ಲಿ ತಂಗಿ, ಮುಂದೆ ಡ್ರೈವರ ಜೊತೆ ನಾನು. ಕಿಟಕಿ ಇಳಿಸಿದ್ದೆವು. ರಸ್ತೆಯ ಎರಡೂ ಕಡೆ ಕಡಲೆಕಾಯಿ ಹೊಲ, ದೂರದ ದಿಣ್ಣೆಯ ಮೇಲೆ ಗಾಳಿಯಂತ್ರಗಳ ರೆಕ್ಕೆಗಳು ತಿರುಗುತ್ತಿದ್ದವು. ಎದುರಿಗೆ ಬಂದ ಆಟೊದವನೊಬ್ಬ ಅಕ್ಕನ ಗುರುತು ಹಿಡಿದು ಹಾರನ್ ಹೊಡೆದ. ಅವಳು ಬಲಗೈ ಎತ್ತಿದಳು.

"ನೋಡು, ಆ ನನ್ಮಗ ತಿರುವಿನಾಗೆ ಓವರ್‌ಟೇಕ್ ಮಾಡ್ತಾನೆ. ನಾನ್ ಬಂದ್ ಮ್ಯಾಲೆ ಐತೆ ಅವನಿಗೆ," ಎಂದು ನಕ್ಕಳು. ಆಮೇಲೆ ನನ್ನ ಭುಜ ತಟ್ಟಿ, "ವಾಸಿ ಆಗಕ್ಕೆ ಎಷ್ಟು ದಿನ ಬೇಕು ನರ್ಸಮ್ಮ? ಇವಳ ಗಂಡ ಹೇಳವ್ನೆ, ಹಿಂದೂಪುರದಾಗೆ ಹೊಸ ಔಷಧಿ ಬಂದೈತಂತೆ. ನಿಶ್ಚಿತಾರ್ಥದೊಳಗೆ ಕಳಿಸ್ಬುಡು. ಮಗು ಕೈಗೆ ಬಳೆ ನಾನೇ ತೊಡ್ಸಬೇಕು," ಅಂದಳು.

ಹಿಂದೆ ತಿರುಗಿ ನೋಡಿದೆ. ತಂಗಿ ಕಿಟಕಿಯ ಕಡೆ ಮುಖ ಮಾಡಿಕೊಂಡಿದ್ದಳು.

ನಮ್ಮ ಕೆಲಸದಲ್ಲಿ ಇಂಥ ಸುದ್ದಿ ಹೇಳುವುದು ಡಾಕ್ಟರ ಜವಾಬ್ದಾರಿ. ಕಲ್ಯಾಣದುರ್ಗ ಇನ್ನೇನು ಬರುವುದರಲ್ಲಿತ್ತು, ನಾನು ಏನೋ ಒಂದು ಹಾರಿಕೆಯ ಮಾತು ಹೇಳಿ ದಾರಿ ಸವೆಸಬಹುದಿತ್ತು. ಆದರೆ ಅವಳು ಕೇಳಿದ್ದು ನನ್ನನ್ನು. ಒಮ್ಮೆ ವಾರ್ಡಿಗೆ ಹೋಗಿ ಮಲಗಿದರೆ ಆ ಸುಳ್ಳಿಗೆ ನಾವೆಲ್ಲ ಸೇರಿ ಗೋಡೆ ಕಟ್ಟಿದಂತೆ. ವಾಸಿಯಾಗುವ ದಿನ ಕಾಯುತ್ತಾ ಅವಳು ಅಲ್ಲೇ ಮುಗಿದುಹೋಗಬಹುದು, ಇಲ್ಲಿ ಬಳೆ ಬೇರೆ ಯಾರೋ ತೊಡಿಸುತ್ತಾರೆ. ಹುಣಸೆ ಮರವೊಂದರ ಕೆಳಗೆ ಗಾಡಿ ನಿಲ್ಲಿಸಲು ಡ್ರೈವರಿಗೆ ಹೇಳಿದೆ. ಅವರು ಅರ್ಥ ಮಾಡಿಕೊಂಡು ಇಳಿದು ಆಚೆ ಹೋಗಿ ನಿಂತರು. ನಾನು ಹಿಂದಿನ ಬಾಗಿಲು ತೆರೆದು ಅವಳ ಕಾಲ ಬಳಿ ಕಾರಿನ ಅಂಚಿಗೆ ಕೂತೆ.

ನಮಗೆ ಕಲಿಸಿರುವ ಕ್ರಮ ಇದೆ. ರೋಗಿಗೆ ಏನು ಗೊತ್ತು ಎಂದು ಮೊದಲು ಕೇಳಬೇಕು. ಎಷ್ಟು ತಿಳಿಯಲು ಇಷ್ಟ ಎಂದು ಕೇಳಬೇಕು. ಆಮೇಲೆ ಚೂರುಚೂರಾಗಿ ಹೇಳಬೇಕು.

"ಅಕ್ಕ, ನಿನ್ನ ಕಾಯಿಲೆ ಈಗ ಹೇಗಿದೆ ಅಂತ ನಿನಗನ್ಸುತ್ತೆ?"

"ನನ್ನ ಕೇಳ್ತೀಯಾ? ನರ್ಸು ನೀನಾ ನಾನಾ?" ಅಂದವಳು ನನ್ನ ಮುಖ ನೋಡಿ ನಗು ನಿಲ್ಲಿಸಿದಳು. "ಸುತ್ತಿ ಬಳಸಬ್ಯಾಡ ಕಣಮ್ಮ. ವಾಸಿ ಆಯ್ತದಾ, ಇಲ್ವಾ?"

"ಎಲ್ಲಾ ಹೇಳ್ಲಾ ಅಕ್ಕ?"

"ಹೇಳು."

"ವಾಸಿ ಆಗಲ್ಲಕ್ಕ. ನೋವು ಇಲ್ಲದಂಗೆ ನೋಡ್ಕೋಬಹುದು. ಗಾಯ ನಾರದಂಗೆ ಇಡಬಹುದು. ಅದನ್ನ ಮಾಡ್ತೀನಿ. ಆದ್ರೆ ಕಾಯಿಲೆ ಹೋಗಲ್ಲ."

ಒಂದು ಲಾರಿ ಹೋಯಿತು, ಧೂಳು ಇಳಿಯಿತು. ಆಮೇಲೆ ಅವಳು ಅತ್ತಳು, ಸದ್ದಿಲ್ಲದೆ, ಊದಿದ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು. ನಾನು ಸಮಾಧಾನದ ಮಾತಾಡಲಿಲ್ಲ. ಆ ಹೊತ್ತಿಗೆ ಆಡುವ ಸಮಾಧಾನದ ಮಾತು ಹೆಚ್ಚಿನ ಪಾಲು ಆಡುವವರಿಗಾಗಿ ಇರುತ್ತದೆ. ಕಣ್ಣೊರೆಸಿಕೊಂಡ ಮೇಲೆ ಅವಳು ತಂಗಿಯ ಕಡೆ ತಿರುಗಿದಳು.

"ವಾಸಿ ಆಗಲ್ಲ ಅಂದ್ಮ್ಯಾಲೆ ನನ್ನ ಎಲ್ಲಿಗ್ ಹೊತ್ಕೊಂಡ್ ಹೋಯ್ತಾ ಇದೀರೇ?"

ತಂಗಿ ಬಿಕ್ಕಿದಳು. "ಗಂಡಿನೋರು ಬತ್ತಾರಕ್ಕ... ಅವ್ರಿಗೆ ಗೊತ್ತಾದ್ರೆ ಮಗೂನ ಬ್ಯಾಡ ಅಂತಾರೆ ಅಂತ ಅವರು... ನಿಂಗೆ ಹೆಂಗ್ ಹೇಳ್ಲಿ?"

"ಓಹೋ," ಅಂದಳು ಅಕ್ಕ. ಸ್ವಲ್ಪ ಹೊತ್ತು ತನ್ನ ಹೊಸ ಸೀರೆಯ ನೆರಿಗೆ ನೋಡುತ್ತಿದ್ದಳು. ನಂತರ ಹೊರಗೆ ನಿಂತಿದ್ದ ಡ್ರೈವರಿಗೆ ಕೇಳಿಸುವಂತೆ, ಆಟೊ ಸ್ಟ್ಯಾಂಡಿನಲ್ಲಿ ಕೂಗುವ ಗಂಟಲಿನಲ್ಲೇ ಅಂದಳು: "ಗಾಡಿ ತಿರುಗ್ಸಪ್ಪ."

ಡ್ರೈವರು ನನ್ನನ್ನು ನೋಡಿದರು. ತಿರುಗಿಸಿ ಎಂದೆ.

ಊರ ಬಳಿ ಬಂದಾಗ ಕಾರು ತೋಟದ ದಾರಿ ಹಿಡಿಯಿತು. "ಅಲ್ಲಿಗಲ್ಲ. ಮನೆಗೆ," ಅಂದಳು ಅಕ್ಕ. ತಂಗಿಯ ಗಂಡ ಮನೆಯ ಮುಂದೆ ಶಾಮಿಯಾನದವನ ಜೊತೆ ಮಾತಾಡುತ್ತಿದ್ದವನು ಕಾರು ಕಂಡು ಓಡಿಬಂದ.

"ಏನ್ ಮೇಡಂ, ಯಾಕ್ ವಾಪಸ್ ಬಂದ್ಬುಟ್ರಿ? ಏನಾಯ್ತು?"

"ನಾನೇ ತಿರುಗ್ಸು ಅಂದೆ," ಅಂದಳು ಅಕ್ಕ. "ನಾನು ಸಾಯ್ತೀನಿ ಅಂತ ನಿಂಗೆ ಗೊತ್ತಂತೆ. ಈಗ ನಂಗೂ ಗೊತ್ತಾಯ್ತು. ಶೆಡ್ಡಾಗೆ ಸಾಯಲ್ಲ, ಆಸ್ಪತ್ರೇಲೂ ಸಾಯಲ್ಲ. ಈ ಮನೆ ಪಾಯಕ್ಕೆ ಕಲ್ಲು ನನ್ನ ಆಟೊದಾಗೆ ಬಂದಿದ್ದು. ನಡುಮನ್ಯಾಗೆ ಮಂಚ ಹಾಕು."

ಅವನು ಕೆಟ್ಟವನಾಗಿರಲಿಲ್ಲ. ಬೆಂಗಳೂರಿನ ಆಸ್ಪತ್ರೆಗಳಿಗೆ ಅಕ್ಕನನ್ನು ಸುತ್ತಾಡಿಸಿದವನೂ ಅವನೇ. ಕೈ ಮುಗಿದು ನನ್ನ ಕಡೆ ನೋಡಿದ. "ನೀವೇ ಹೇಳಿ ಮೇಡಂ. ಈ ವಾಸನೇಲಿ ಬೀಗರನ್ನ ಎಲ್ಲಿ ಕೂರಿಸ್ಲಿ? ನನ್ ಮಗಳ ಬಾಳು ಹಾಳಾಗೋಯ್ತದೆ."

"ವಾಸನೆ ನನಗೆ ಬಿಡಿ," ಅಂದೆ. "ಅವರು ಬರೋ ಹೊತ್ತಿಗೆ ಇರಲ್ಲ."

ಆ ಮಾತು ಬಾಯಿಂದ ಹೊರಟ ಮೇಲೆ ಹೆದರಿಕೆಯಾಯಿತು. ಇಂಥ ಗಾಯಗಳ ವಿಷಯದಲ್ಲಿ ಯಾರೂ ಮಾತು ಕೊಡುವುದಿಲ್ಲ. ಕಲ್ಯಾಣದುರ್ಗಕ್ಕೆ ಮರಳಿ ನಡೆದದ್ದನ್ನೆಲ್ಲ ಹೇಳಿದಾಗ ಡಾಕ್ಟರು ಬೈದರು. ನಿಜ ಹೇಳಿದ್ದಕ್ಕಲ್ಲ, ರಸ್ತೆ ಬದಿಯಲ್ಲಿ ಒಬ್ಬಳೇ ಹೇಳಿದ್ದಕ್ಕೆ ಮತ್ತು ಆ ಮಾತು ಕೊಟ್ಟಿದ್ದಕ್ಕೆ. "ನಾಳೆ ಗಾಯ ಕಿತ್ತುಕೊಂಡು ರಕ್ತ ಚಿಮ್ಮಿದರೆ ಆ ಹಳ್ಳಿಯಲ್ಲಿ ಏನು ಮಾಡ್ತೀರಿ?" ಎಂದರು. ಏನು ಮಾಡಬೇಕೆಂದು ಹೇಳಿಕೊಡಿ ಎಂದೆ. ಅವರು ಔಷಧಿ ಪೆಟ್ಟಿಗೆ ಹತ್ತಿರ ಎಳೆದುಕೊಂಡರು.

ಮಾರನೆಯ ದಿನವೇ ಬಸ್ಸು ಹಿಡಿದು ಹೋದೆ. ನಡುಮನೆಯಲ್ಲಿ ಕಿಟಕಿಯ ಪಕ್ಕ ಮಂಚ ಬಂದಿತ್ತು. ಹುಡುಗಿಯನ್ನು ಕೂರಿಸಿಕೊಂಡು ಒಂದೊಂದೇ ಮಾಡಿ ತೋರಿಸಿದೆ. ಹಳೆಯ ಕಾಟನ್ ಸೀರೆ ಕತ್ತರಿಸಿ, ಡಬ್ಬಿಯಲ್ಲಿ ತುಂಬಿ, ಪ್ರೆಷರ್ ಕುಕ್ಕರಿನಲ್ಲಿ ಬೇಯಿಸಿ ಇಟ್ಟುಕೊಳ್ಳಬೇಕು. ಮೆಟ್ರೊನಿಡಜೋಲ್ ಮಾತ್ರೆಯನ್ನು ಲಟ್ಟಣಿಗೆಯಿಂದ ನುಣ್ಣಗೆ ಪುಡಿ ಮಾಡಬೇಕು. ವಾಸನೆ ಹುಟ್ಟಿಸುವ ಕ್ರಿಮಿಗಳನ್ನು ಕೊಲ್ಲುವುದು ಆ ಪುಡಿ. ಗಾಯವನ್ನು ಉಜ್ಜಬಾರದು, ನೀರು ಹರಿಸಬೇಕು. ಪುಡಿ ಉದುರಿಸಿ, ಅಂಟದ ಹಾಗೆ ವ್ಯಾಸಲಿನ್ ಸವರಿದ ಬಟ್ಟೆ ಇಟ್ಟು, ಮೇಲೆ ದಪ್ಪ ಮಡಿಕೆ. ವಾಸನೆ ಹೀರಲು ಮಂಚದ ಕೆಳಗೆ ಬುಟ್ಟಿಯಲ್ಲಿ ಇದ್ದಿಲು. ಊದುಬತ್ತಿ ಬೇಡವೇ ಬೇಡ. ಹುಡುಗಿ ಮೊದಲ ಸಲ ಗಾಯ ನೋಡಿ ಹಿತ್ತಲಿಗೆ ಓಡಿ ವಾಂತಿ ಮಾಡಿಕೊಂಡಳು. ಮುಖ ತೊಳೆದು ಮತ್ತೆ ಬಂದಳು.

"ನಾಚಿಕೆ ಆಯ್ತದೇನೇ?" ಎಂದು ಅಕ್ಕ ಕೇಳಿದಳು.

"ನೀನು ನನ್ ಉಚ್ಚೆ ಬಟ್ಟೆ ಒಗೀವಾಗ ನಿಂಗೆ ನಾಚಿಕೆ ಆಗಿತ್ತಾ?"

ಮುಂದಿನ ವಾರ ನಾನು ಹೋದಾಗ ವಾಸನೆ ಮಂಚದ ಹತ್ತಿರ ಮಾತ್ರ ಉಳಿದಿತ್ತು. ಆದರೆ ಅಕ್ಕ ಗೋಡೆಯ ಕಡೆ ಮುಖ ಮಾಡಿ, ಮೊಣಕಾಲು ಹೊಟ್ಟೆಗೆ ಎಳೆದುಕೊಂಡು ನರಳುತ್ತಿದ್ದಳು. ಮುಟ್ಟಿದರೆ ಕಿರುಚಿದಳು. ಮಾರ್ಫಿನ್ ಎಲ್ಲಿ ಎಂದು ಕೇಳಿದಾಗ ಹುಡುಗಿ ಬೀರು ತೋರಿಸಿದಳು. ಊರಿನಲ್ಲಿ ಡಿಗ್ರಿಯಿಲ್ಲದೆ ಸೂಜಿ ಚುಚ್ಚುವ ಡಾಕ್ಟರೊಬ್ಬರಿದ್ದರು, ಅಂಥವರನ್ನು ಆರ್‌ಎಂಪಿ ಅನ್ನುತ್ತಾರೆ. ಅದು ಮತ್ತಿನ ಮಾತ್ರೆ, ಉಸಿರು ನಿಂತುಹೋಗುತ್ತದೆ, ನಿಶ್ಚಿತಾರ್ಥಕ್ಕೆ ಮೊದಲೇ ಮನೆಯಲ್ಲಿ ಸಾವಾಗುತ್ತದೆ ಎಂದು ಅವರು ತಂಗಿಯ ಗಂಡನನ್ನು ಹೆದರಿಸಿದ್ದರು. ಅವನು ಮಾತ್ರೆಗಳನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದ.

ನನಗೆ ಬಂದ ಸಿಟ್ಟು ಇವತ್ತಿಗೂ ಆರಿಲ್ಲ. ನೋವಿನಲ್ಲಿ ನರಳುವುದು ಸಹಜ, ನೋವಿಲ್ಲದೆ ಮಲಗಿದರೆ ಅಪಾಯ ಎಂದು ನಂಬುವ ಜನ ಹಳ್ಳಿಯಲ್ಲಿ ಮಾತ್ರ ಇಲ್ಲ, ದೊಡ್ಡ ಆಸ್ಪತ್ರೆಗಳಲ್ಲೂ ಇದ್ದಾರೆ. ಆರ್‌ಎಂಪಿಯನ್ನು ಕರೆಸಿದೆ. ಅವರನ್ನು ಸೋಲಿಸುವುದು ನನಗೆ ಬೇಕಿರಲಿಲ್ಲ, ಬೀರುವಿನ ಬೀಗ ತೆರೆಯಬೇಕಿತ್ತು. ನಮ್ಮ ಡಾಕ್ಟರಿಗೆ ಫೋನ್ ಹಚ್ಚಿ ಆರ್‌ಎಂಪಿಯ ಕೈಗೇ ಕೊಟ್ಟೆ. ಕಡಿಮೆ ಪ್ರಮಾಣದಿಂದ ಶುರು ಮಾಡಿ ನೋವು ನೋಡಿಕೊಂಡು ಏರಿಸುವ ಕ್ರಮ, ಹೊತ್ತಿಗೆ ಸರಿಯಾಗಿ ಕೊಟ್ಟರೆ ಉಸಿರಿಗೆ ತೊಂದರೆಯಾಗುವುದಿಲ್ಲವೆಂಬುದು, ಮಲಬದ್ಧತೆಗೆ ಜೊತೆಯಲ್ಲೇ ಕೊಡುವ ಮಾತ್ರೆ, ಎಲ್ಲವನ್ನೂ ಡಾಕ್ಟರು ತೆಲುಗಿನಲ್ಲಿ ಹೇಳಿದರು. ಆರ್‌ಎಂಪಿ ಅರೆಮನಸ್ಸಿನಿಂದ ತಲೆಯಾಡಿಸಿದರು. ನನ್ನೆದುರೇ ಮಾತ್ರೆ ಕೊಡಿಸಿ, ಅವರನ್ನು ಅಲ್ಲೇ ಕಾಫಿ ಕೊಟ್ಟು ಕೂರಿಸಿದೆ. ಕಾಫಿ ಆರಿ ಬಹಳ ಹೊತ್ತಾದ ಮೇಲೆ ಅಕ್ಕ ಕಾಲು ಚಾಚಿದಳು. ತಿರುಗಿ ನಮ್ಮನ್ನು ನೋಡಿದಳು.

"ಏನ್ ಡಾಕ್ಟ್ರೇ, ನಾನಿನ್ನೂ ಉಸಿರಾಡ್ತಾ ಇದೀನಾ?" ಅಂದಳು. ಆಮೇಲೆ ತಂಗಿಯ ಗಂಡನ ಕಡೆ ಬಲಗೈ ಚಾಚಿದಳು. "ಮಾತ್ರೆ ಇತ್ತ ಕೊಡು. ನನ್ ನೋವು ನಂದು. ಮಾತ್ರೆ ನನ್ ದಿಂಬಿನ ಕೆಳಗೇ ಇರ್ಲಿ."

ಅವನು ತಂದುಕೊಟ್ಟ.

ಡಾಕ್ಟರು ಹೆದರಿದ್ದ ರಕ್ತವೂ ಒಮ್ಮೆ ಬಂತು. ಬಟ್ಟೆ ಬದಲಿಸುವಾಗ ಚಿಮ್ಮಿದ್ದನ್ನು ಕಂಡು ಹುಡುಗಿ ಫೋನಿನಲ್ಲಿ ಅಳುತ್ತಾ ಕೂಗಿದಳು. ನಾನು ಹಿಂದೂಪುರದ ವಾರ್ಡಿನಲ್ಲಿದ್ದೆ. ರಕ್ತ ನಿಲ್ಲಲೆಂದು ಡಾಕ್ಟರು ಕೊಟ್ಟಿದ್ದ ಸುಕ್ರಾಲ್ಫೇಟ್ ಪುಡಿ ಉದುರಿಸಿ, ಮಡಿಸಿದ ಬಟ್ಟೆಯಿಟ್ಟು ಅಂಗೈಯಿಂದ ಒತ್ತು, ತೆಗೆದು ತೆಗೆದು ನೋಡಬೇಡ ಎಂದೆ. ನಾನು ಹೇಳುವವರೆಗೂ ಅವಳು ಕೈ ಎತ್ತಲಿಲ್ಲ. ನಿಂತಿತು. ಅಂದಿನಿಂದ ಕಡು ಕೆಂಪು ಬಣ್ಣದ ಬಟ್ಟೆಯನ್ನು ಹತ್ತಿರವೇ ಇಟ್ಟುಕೊಳ್ಳಲು ಹೇಳಿದೆವು. ಕೆಂಪಿನ ಮೇಲೆ ರಕ್ತ ಅಷ್ಟು ಭಯ ಹುಟ್ಟಿಸುವುದಿಲ್ಲ.

ನಿಶ್ಚಿತಾರ್ಥದ ದಿನ ನನಗೆ ಡ್ಯೂಟಿ ಇರಲಿಲ್ಲ. ಬಸ್ಸು ಹಿಡಿದು ಬೆಳಿಗ್ಗೆಯೇ ಹೋದೆ. ಗಾಯ ತೊಳೆದು, ಕಟ್ಟು ಕಟ್ಟಿ, ಊದಿದ ಕೈಗೆ ಬ್ಯಾಂಡೇಜು ಸುತ್ತಿ, ಸೀರೆ ಉಡಿಸಿದೆವು. ಒಂದು ಹೆಚ್ಚಿನ ಮಾತ್ರೆಯನ್ನೂ ಡಾಕ್ಟರನ್ನು ಕೇಳಿಯೇ ಕೊಟ್ಟಿದ್ದೆ. ತಂಗಿಯ ಗಂಡ ಒಳಗೆ ಬಂದು, ಬಾಗಿಲಲ್ಲಿ ನಿಂತು ಗಾಳಿ ಎಳೆದುಕೊಂಡ. ಇನ್ನೊಮ್ಮೆ ಎಳೆದುಕೊಂಡ. ಹೊರಗಿನಿಂದ ಕೈಯಿರುವ ಕುರ್ಚಿ ತಂದು ಅಕ್ಕನಿಗೆಂದು ನಡುಮನೆಯಲ್ಲಿ ಹಾಕಿದ.

ಗಂಡಿನ ಕಡೆಯವರು ಬಂದರು. ತಿಂಡಿ ಆಯಿತು. ಅಕ್ಕ ಹುಡುಗಿಯ ಕೈಗೆ ಒಂದೊಂದೇ ಬಳೆ ತೊಡಿಸಿದಳು. ಒಂದೇ ಕೈಯಲ್ಲಿ ತೊಡಿಸುವುದು ಕಷ್ಟ, ಹುಡುಗಿ ತಾನೇ ಕೈ ತಿರುಗಿಸಿ ತಿರುಗಿಸಿ ಕೊಟ್ಟಳು. ಎದುರಿಗೆ ಕೂತಿದ್ದ ಗಂಡಿನ ತಾಯಿ ಇದನ್ನೇ ನೋಡುತ್ತಿದ್ದವರು, "ಚೆಯ್ಯಿಕಿ ಏಮಯಿಂದಮ್ಮಾ?" ಎಂದು ಊದಿದ ಕೈಗೇನಾಯಿತೆಂದು ತೆಲುಗಿನಲ್ಲಿ ಕೇಳಿದರು.

"ಸ್ಕೂಟರಿಂದ ಬಿದ್ದು..." ಎಂದು ತಂಗಿಯ ಗಂಡ ಶುರು ಮಾಡಿದ.

"ಬಿದ್ದಿಲ್ಲಮ್ಮ," ಅಂದಳು ಅಕ್ಕ. "ಕ್ಯಾನ್ಸರ್. ಎದೇಲಿ. ವಾಸಿ ಆಗಲ್ಲ ಅಂತ ಹೇಳವ್ರೆ. ಅಂಟೋ ಕಾಯ್ಲೆ ಅಲ್ಲ. ಈ ಮಗು ದಿನಾ ತನ್ ಕೈಯಾರೆ ತೊಳೀತಾಳೆ. ಇಂಥ ಹುಡುಗೀನ ನಿಮ್ಮನೆಗೆ ಕೇಳಕ್ ಬಂದಿದೀರಾ, ತಿಳ್ಕೊಂಡೇ ಕರ್ಕೊಂಡ್ ಹೋಗಿ."

ಗಂಡಿನ ತಂದೆ ಎದ್ದು ಹೊರಗೆ ಹೋಗಿ ಫೋನಿನಲ್ಲಿ ಮಾತಾಡಿದರು. ತಾಂಬೂಲ ಬದಲಾಗಲಿಲ್ಲ. ಹೇಳಿ ಕಳಿಸುತ್ತೇವೆ ಎಂದು ಹೊರಟರು. ಗಂಡಿನ ತಾಯಿ ಮಾತ್ರ ಹೊಸ್ತಿಲಲ್ಲಿ ಒಮ್ಮೆ ನಿಂತು ಅಕ್ಕನನ್ನು ನೋಡಿದರು.

ತಂಗಿಯ ಗಂಡ ನನ್ನ ಮೇಲೆ ಹರಿಹಾಯ್ದ. "ಆಸ್ಪತ್ರೆಗೆ ಕರ್ಕೊಂಡ್ ಹೋಗಿ ಅಂದ್ರೆ ವಾಪಸ್ ತಂದ್ರಿ. ಈಗ ನೋಡಿ! ನಿಮ್ಮ ಮಕ್ಕಳಿಗೆ ಹಿಂಗಾಗಿದ್ರೆ ಏನ್ ಮಾಡ್ತಿದ್ರಿ?"

ಅದಕ್ಕೆ ಉತ್ತರ ಕೊಟ್ಟಿದ್ದು ಹುಡುಗಿ. "ಅವ್ರನ್ಯಾಕೆ ಬೈತೀಯಪ್ಪ? ದೊಡ್ಡಮ್ಮನ್ನ ಶೆಡ್ಡಾಗೆ ಬಚ್ಚಿಟ್ಟು ಮದುವೆ ಆಗಿದ್ರೆ, ನಾಳೆ ನಂಗೇನಾದ್ರೂ ಬಂದ್ರೆ ಅವರು ನನ್ನ ಎಲ್ಲಿ ಇಡ್ತಿದ್ರು?"

ಸಂಬಂಧ ಬೇಡವೆಂದು ವಾರದೊಳಗೆ ಸುದ್ದಿ ಬಂತು. ಅಕ್ಕ ಆ ದಿನ ಊಟ ಮಾಡಲಿಲ್ಲ. "ನಾನ್ ಬಾಯಿ ಮುಚ್ಕೊಂಡಿರ್ಬೇಕಿತ್ತಾ ನರ್ಸಮ್ಮ?" ಎಂದು ಕೇಳಿದಳು. ನಾನು ಉತ್ತರಿಸುವ ಮೊದಲೇ ತಾನೇ, "ಇಲ್ಲ ಬುಡು," ಅಂದಳು.

ಅದಾದ ಮೇಲಿನ ಒಂದು ಕಲ್ಯಾಣದುರ್ಗದ ದಿನ, ಮಾರ್ಫಿನ್ ತೆಗೆದುಕೊಂಡು ಹೋಗಲು ಹುಡುಗಿ ಬಂದು ಬೆಂಚಿನಲ್ಲಿ ಕೂತಿದ್ದಳು. ತಲೆಯ ಮೇಲೆ ಸೆರಗು ಹೊದ್ದ ಹೆಂಗಸೊಬ್ಬರು ಬಾಗಿಲವರೆಗೆ ಬಂದು ಅವಳನ್ನು ಕಂಡು ಹಿಂದಕ್ಕೆ ಸರಿದರು. ಹುಡುಗಿ ಎದ್ದು ನಿಂತಳು. ಅವರು ಗಂಡಿನ ತಾಯಿ. ನಾನು ಹೊರಗೆ ಹೋದೆ. ಸೆರಗಿನೊಳಗೆ ಕೈಯಿಟ್ಟು, ಎದೆಯ ಒಂದು ಕಡೆ ತೋರಿಸಿ, ಇಲ್ಲೊಂದು ಗಂಟು ಬಹಳ ದಿನದಿಂದ ಇದೆ, ಮನೆಯಲ್ಲಿ ಯಾರಿಗೂ ಹೇಳಿಲ್ಲ ಎಂದು ತೆಲುಗಿನಲ್ಲಿ ಪಿಸುಗುಟ್ಟಿದರು. "ಆ ಯಮ್ಮ ಅಷ್ಟು ಜನರ ಮುಂದೆ ಹೇಳ್ಬುಟ್ರಲ್ಲ," ಎಂದು ಕನ್ನಡದಲ್ಲಿ ಸೇರಿಸಿದರು. "ನಂಗೆ ನಿದ್ದೇನೇ ಬರ್ಲಿಲ್ಲ."

ಡಾಕ್ಟರು ಪರೀಕ್ಷೆ ಮಾಡುವಾಗ ನಾನು ಟೇಬಲ್ಲಿನ ಈ ಕಡೆ ನಿಂತಿದ್ದೆ. ಆ ಕಡೆ ನಿಂತು ಆ ಹೆಂಗಸಿನ ಕೈ ಹಿಡಿದಿದ್ದವಳು ಅವರ ಮನೆಗೆ ಸೊಸೆಯಾಗದ ಹುಡುಗಿ. ಹಾಗೆ ಹಿಡಿ ಎಂದು ಯಾರೂ ಅವಳಿಗೆ ಹೇಳಿರಲಿಲ್ಲ.

ಗಂಟು ಕ್ಯಾನ್ಸರ್ ಎಂದೇ ಬಂತು, ಆದರೆ ಚಿಕ್ಕದಿತ್ತು, ಎಲ್ಲೂ ಹರಡಿರಲಿಲ್ಲ. ಆಪರೇಷನ್ ಆಯಿತು. ಅವರು ಈಗ ಚಿಕಿತ್ಸೆಯಲ್ಲಿದ್ದಾರೆ, ಇದನ್ನು ಬರೆಯಲು ಒಪ್ಪಿಗೆ ಕೊಟ್ಟಿದ್ದಾರೆ. ಅಕ್ಕನ ತಂಗಿಯನ್ನೂ ಹುಡುಗಿಯನ್ನೂ ಡಾಕ್ಟರು ಪರೀಕ್ಷೆಗೆ ಕಳಿಸಿದರು. ರಕ್ತಸಂಬಂಧಿಗಳು ಆಗಾಗ ತೋರಿಸಿಕೊಳ್ಳುವುದು ಒಳ್ಳೆಯದು ಎಂಬುದನ್ನು ನಾವು ಮುಚ್ಚಿಡಲಿಲ್ಲ. ಗಂಡಿನ ತಾಯಿ ಮತ್ತೆ ಸಂಬಂಧದ ಮಾತೆತ್ತಿದಾಗ ಹುಡುಗಿ ಬೇಡವೆಂದಳು. "ನೀವು ಅತ್ತೆ ಆಗ್ದಿದ್ರೂ ಪರ್ವಾಗಿಲ್ಲ. ಮಾತ್ರೆ ತಪ್ಪಿಸ್ಬ್ಯಾಡಿ," ಅಂದಳಂತೆ.

ಈ ಸುದ್ದಿಯನ್ನು ಅಕ್ಕನಿಗೆ ಹೇಳಿದ್ದು ತಂಗಿಯ ಗಂಡ. ಆ ಹೊತ್ತಿಗೆ ಅವನು ಸಂಜೆ ಹೊಲದಿಂದ ಬಂದು ಮಂಚದ ಪಕ್ಕ ಕೂತು, ಅವಳು ಹಿಂದೆ ಆಡಿದ್ದ ಜಗಳಗಳ ಮಾತು, ಆಟೊ ಸ್ಟ್ಯಾಂಡಿನ ಸುದ್ದಿ ಹೇಳುತ್ತಿದ್ದ. ಅವಳ ಊಟ ಕಡಿಮೆಯಾಗುತ್ತಾ ಬಂತು. ಬಾಯಿ ಒಣಗದಂತೆ ಹತ್ತಿಯಲ್ಲಿ ನೀರು ಅದ್ದಿ ತುಟಿಗೆ ಸವರುವುದನ್ನು ಅವನಿಗೂ ಕಲಿಸಿದೆ. ಮಾತ್ರೆ ನುಂಗಲಾಗದೆ ಹೋದಾಗ ಮಾರ್ಫಿನ್ ಕೊಡಲು ಚರ್ಮದಡಿಗೆ ಚಿಕ್ಕ ಸೂಜಿ ಹಾಕಿದೆವು. ನೋವಿಲ್ಲ ಎಂದು ಅವಳು ಪ್ರತಿ ಸಲ ಹೇಳುತ್ತಿರಲಿಲ್ಲ. ನೋವಿದ್ದಾಗ ಬೈಯುತ್ತಿದ್ದಳು, ನಾವು ಪ್ರಮಾಣ ಏರಿಸುತ್ತಿದ್ದೆವು.

ಒಂದು ಬೆಳಿಗ್ಗೆ, ಹಾಲು ಕರೆಯುವ ಹೊತ್ತಿಗೆ, ನಡುಮನೆಯ ಮಂಚದಲ್ಲಿ ಉಸಿರು ನಿಂತಿತು. ಹುಡುಗಿ ಫೋನ್ ಮಾಡಿದಳು. ಅದು ನಮ್ಮ ಕಲ್ಯಾಣದುರ್ಗದ ದಿನವೇ ಆಗಿತ್ತು. ಡಾಕ್ಟರು ನನ್ನನ್ನು ಮೊದಲು ಅಲ್ಲಿಗೇ ಬಿಡಲು ಡ್ರೈವರಿಗೆ ಹೇಳಿದರು.

ಮನೆಯ ಮುಂದೆ ಆಟೊಗಳು ಸಾಲಾಗಿ ನಿಂತಿದ್ದವು. ಮೈ ತೊಳೆಯಲು ಹಿತ್ತಲಲ್ಲಿ ನೀರು ಕಾಯುತ್ತಿತ್ತು. ಹೆಂಗಸರು ಬಂದಿದ್ದರು, ಆದರೆ ಎದೆಯ ಕಟ್ಟು ಕಂಡು ಯಾರೂ ಮುಂದೆ ಬರುತ್ತಿರಲಿಲ್ಲ. ಹಾಗೇ ನಾಲ್ಕು ಬಿಂದಿಗೆ ಹುಯ್ದು ಸೀರೆ ಸುತ್ತಿಬಿಡಿ ಎಂದು ಒಬ್ಬ ಮುದುಕಿ ಅಂದರು. ಹುಡುಗಿ ಕುಕ್ಕರಿನಲ್ಲಿ ಬೇಯಿಸಿದ ಬಟ್ಟೆಯ ಡಬ್ಬಿ ತಂದು ಮಂಚದ ಮೇಲಿಟ್ಟಳು. ತಂಗಿ ತಲೆಯ ಕಡೆ ಹಿಡಿದಳು. ನಾನು ಹಳೆಯ ಬಟ್ಟೆ ನೆನೆಸಿ ಬಿಡಿಸಿದೆ, ಹುಡುಗಿ ನೀರು ಹರಿಸಿದಳು, ಪುಡಿ ಉದುರಿಸಿದಳು, ಹೊಸ ಬಟ್ಟೆ ಇಟ್ಟಳು.

"ಸತ್ ಮ್ಯಾಲೆ ಬ್ಯಾಂಡೇಜ್ ಯಾಕಮ್ಮಾ?" ಎಂದು ಮುದುಕಿ ಕೇಳಿದರು. "ಹೆಂಗೂ ಮಣ್ಣಿಗ್ ಹೋಗೋದು."

ಹುಡುಗಿ ಪಟ್ಟಿಯ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಹರಿದು ಗಂಟು ಹಾಕಿದಳು.

"ಮಣ್ಣಿಗ್ ಹೋಗ್ಲಿ ಅಜ್ಜಿ," ಅಂದಳು. "ಮನೆಯಿಂದ ಹೋಗೋವಾಗ ನಮ್ ದೊಡ್ಡಮ್ಮ ಚೆನ್ನಾಗೇ ಹೋಗ್ಬೇಕು. ಇತ್ತ ಬನ್ನಿ, ಈ ಕೈ ಹಿಡ್ಕಳಿ."

ಮುದುಕಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದು ಕೈ ಹಿಡಿದರು.